ಗೊರಕೆಗೆ ಕತ್ತರಿ ಹಾಕುವ ಮುನ್ನ

ಹರಿಹರ ತಾಲ್ಲೂಕಿನ ಭಾನುವಳ್ಳಿಯಲ್ಲಿ ಐವತ್ತು ದಾಟಿದ ರೈತರೊಬ್ಬರಿದ್ದಾರೆ ಎಂದಿಟ್ಟುಕೊಳ್ಳಿ. ನಾಲ್ಕು ಎಕರೆ ಭತ್ತದ ಗದ್ದೆ, ಬಿಪಿಗೆ ದಿನಕ್ಕೆರಡು ಮಾತ್ರೆ, ಉಂಡು ಕಟ್ಟೆಗೆ ಒರಗಿದರೆ ಕೂತಲ್ಲೇ ತೂಕಡಿಕೆ. ಬೈಕಿನಲ್ಲಿ ಪೇಟೆಗೆ ಹೊರಟವರು ಒಮ್ಮೆ ಕಣ್ಣಿಗೆ ಜೊಂಪು ಹತ್ತಿ ರಸ್ತೆ ಬಿಟ್ಟು ಕೆಳಗಿಳಿದಿದ್ದಾರೆ. ಆಮೇಲೆ ಮಗ ಹಟ ಹಿಡಿದು ದಾವಣಗೆರೆಗೆ ಕರೆದೊಯ್ದು ನಿದ್ರೆ ಪರೀಕ್ಷೆ ಮಾಡಿಸಿದ್ದಾನೆ. ರಿಪೋರ್ಟಿನಲ್ಲಿ ‘ಎಎಚ್‌ಐ 42’ ಎಂದಿದೆ. ಒಬ್ಬ ಡಾಕ್ಟರು ರಾತ್ರಿ ಮೂಗಿಗೆ ಕಟ್ಟಿಕೊಳ್ಳುವ ಮಿಷನ್ ಬರೆದುಕೊಟ್ಟಿದ್ದಾರೆ. ಇನ್ನೊಬ್ಬರು ಬಾಯಿ ತೆರೆಸಿ, ಟಾರ್ಚು ಬಿಟ್ಟು ನೋಡಿ, ಆಪರೇಷನ್ನಿಗೂ ದಾರಿಯಿದೆ ಅಂದಿದ್ದಾರೆ.

ಮನೆಗೆ ಬಂದ ಮೇಲೆ ಸಲಹೆಗಳಿಗೇನು ಬರ? “ಕೊಯ್ಸಿ ಬಿಡ್ರಿ ಬೀಗ್ರೇ, ಒಂದೇ ಸಲಕ್ಕ ಮುಗಿತೈತಿ. ದಿನಾ ಆ ಸೊಂಡ್ಲು ಕಟ್ಕಂಡು ಮಲಗಾಕಾಗುತ್ತಾ?” ಅನ್ನುವವರೇ ಹೆಚ್ಚು. ಹೆಂಡತಿಯ ಮಾತು ಬೇರೆ. “ಅವ್ರು ಗೊರಕಿ ಹೊಡಿಯುವಾಗ ನನಗೇನೂ ಅಂಜಿಕಿ ಇಲ್ರೀ ಡಾಕ್ಟ್ರೇ. ಗೊರಕಿ ನಿಂತಾಗ್ಲೇ ನಾನು ಎದ್ದು ಕೂತ್ಕಳ್ಳೋದು.”

ಬೀಗರು, ಹೆಂಡತಿ ಇಬ್ಬರಲ್ಲಿ ಕಾಯಿಲೆ ಅರ್ಥವಾಗಿರುವುದು ಆಕೆಗೆ. ಆಕೆ ಕಂಡದ್ದನ್ನು ವೈದ್ಯರು ಅಬ್‌ಸ್ಟ್ರಕ್ಟಿವ್ ಸ್ಲೀಪ್ ಆಪ್ನಿಯಾ ಎನ್ನುತ್ತಾರೆ. ನಿದ್ರೆಯಲ್ಲಿ ಗಂಟಲು ಮುಚ್ಚಿಕೊಂಡು ಉಸಿರು ನಿಲ್ಲುವುದು. ಬೀಗರು ಹೇಳಿದ ‘ಒಂದೇ ಸಲಕ್ಕೆ ಮುಗಿಯುವುದು’ ಇದೆಯಲ್ಲ, ಆಪರೇಷನ್ನಿಗೆ ಒಪ್ಪಿಕೊಳ್ಳಲು ಜನ ಕೊಡುವ ಕಾರಣಗಳಲ್ಲೆಲ್ಲ ಅದೇ ಅತ್ಯಂತ ದುರ್ಬಲವಾದದ್ದು. ಹಾಗೆಂದು ಆಪರೇಷನ್ನೇ ದಂಡ ಎಂದು ತಳ್ಳಿಹಾಕುವವರ ಮಾತೂ ಪೂರ್ತಿ ಸರಿಯಲ್ಲ. ಯಾರ ಗಂಟಲು, ಎಲ್ಲಿ ಮುಚ್ಚುತ್ತದೆ, ಮಿಷನ್ನನ್ನು ಅವರು ನಿಜಕ್ಕೂ ಎಷ್ಟು ಹೊತ್ತು ಹಾಕಿಕೊಳ್ಳಬಲ್ಲರು ಎನ್ನುವುದರ ಮೇಲೆ ಎಲ್ಲವೂ ನಿಂತಿದೆ.

ಮೊದಲು ಆ 42 ಏನೆಂದು ನೋಡೋಣ. ನಿದ್ರೆಯಲ್ಲಿ ಗಂಟೆಗೆ 42 ಸಲ, ಪ್ರತಿ ಸಲವೂ ಕಡಿಮೆ ಎಂದರೆ 10 ಸೆಕೆಂಡು, ಉಸಿರು ಪೂರ್ತಿ ನಿಂತಿದೆ ಇಲ್ಲವೇ ತೀರಾ ಕುಗ್ಗಿದೆ ಎಂದು ಅದರ ಲೆಕ್ಕ. ದೊಡ್ಡವರಲ್ಲಿ 5ರೊಳಗಿದ್ದರೆ ಚಿಂತೆಯಿಲ್ಲ. 5ರಿಂದ 15 ಸೌಮ್ಯ, 15ರಿಂದ 30 ಮಧ್ಯಮ, 30 ದಾಟಿದರೆ ತೀವ್ರ. ಏಳು ಗಂಟೆ ಮಲಗಿದರೆ ನಮ್ಮ ರೈತರ ಉಸಿರು ಮುನ್ನೂರು ಸಲದ ಹತ್ತಿರ ಕಟ್ಟುತ್ತದೆ. ಬೆಳಿಗ್ಗೆ ಕೇಳಿದರೆ ಮಾತ್ರ “ನನಗೇನಾಗೈತಿ, ಹಾಸಿಗಿಗೆ ಬಿದ್ರ ಎಚ್ಚರಾನೇ ಆಗಂಗಿಲ್ಲ” ಎನ್ನುತ್ತಾರೆ. ಪ್ರತಿ ಸಲವೂ ಮಿದುಳು ಒಂದೆರಡು ಕ್ಷಣ ಎಚ್ಚೆತ್ತು ಗಂಟಲನ್ನು ಬಿಡಿಸಿಕೊಂಡಿರುತ್ತದೆ. ಅದು ನೆನಪಿನಲ್ಲಿ ಉಳಿಯುವುದಿಲ್ಲ, ಅಷ್ಟೆ.

ಪಂಪ್‌ಸೆಟ್ಟಿಗೆ ಗಟ್ಟಿ ಸಕ್ಷನ್ ಪೈಪಿನ ಬದಲು ಮೆತ್ತನೆಯ ಪೈಪು ಜೋಡಿಸಿದರೆ ಏನಾಗುತ್ತದೆಂದು ಭಾನುವಳ್ಳಿಯಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಮೋಟರು ಎಳೆದಷ್ಟೂ ಪೈಪು ಚಪ್ಪಟೆಯಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಮೂಗಿನ ಹಿಂಬದಿಯಿಂದ ಧ್ವನಿಪೆಟ್ಟಿಗೆಯವರೆಗಿನ ನಮ್ಮ ಗಂಟಲಿಗೂ ಸುತ್ತ ಬಿಗಿಹಿಡಿಯುವ ಮೂಳೆಯಿಲ್ಲ. ಎಚ್ಚರವಿದ್ದಾಗ ಸ್ನಾಯುಗಳು ಅದನ್ನು ತೆರೆದಿಡುತ್ತವೆ, ನಿದ್ದೆ ಬಂದ ಮೇಲೆ ಅವು ಸಡಿಲ. ಆಗ ಮೆದು ಅಂಗುಳ ಹಿಂದಕ್ಕೆ ಬೀಳುತ್ತದೆ, ನಾಲಗೆಯ ಬುಡ ಜಾರುತ್ತದೆ, ಕುತ್ತಿಗೆಯಲ್ಲಿ ಕೊಬ್ಬು ತುಂಬಿದ್ದರೆ ಅದು ಪಕ್ಕದಿಂದ ಒತ್ತುತ್ತದೆ. ದಪ್ಪ ಇದ್ದವರಿಗಷ್ಟೇ ಈ ಕಾಯಿಲೆ ಎನ್ನುವ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಆದರೆ ಏಷ್ಯಾದವರಲ್ಲಿ ದವಡೆ ಚಿಕ್ಕದಾಗಿ, ಹಿಂದಕ್ಕೆ ಸರಿದಿರುವುದು ಹೆಚ್ಚು. ಹೀಗಾಗಿ ಸಾಧಾರಣ ಮೈಕಟ್ಟಿನವರಲ್ಲೂ ಇದು ಕಾಣಿಸಿಕೊಳ್ಳುತ್ತದೆ.

ದೆಹಲಿಯ ಏಮ್ಸ್ ವೈದ್ಯರು ದೇಶದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2023ರಲ್ಲಿ ಕೊಟ್ಟ ಅಂದಾಜಿನಂತೆ ಭಾರತದ ವಯಸ್ಕರಲ್ಲಿ ಶೇ 11ರಷ್ಟು ಜನರಿಗೆ ಈ ತೊಂದರೆಯಿದೆ. ದುಡಿಯುವ ವಯಸ್ಸಿನವರೇ 10 ಕೋಟಿ ದಾಟುತ್ತಾರೆ. 2022ರ ಫೆಬ್ರುವರಿಯಲ್ಲಿ ಸಂಗೀತ ನಿರ್ದೇಶಕ ಬಪ್ಪಿ ಲಾಹಿರಿ ತೀರಿಕೊಂಡಾಗ ಅವರ ವೈದ್ಯರು ಹೇಳಿದ ಕಾರಣಗಳಲ್ಲಿ ಇದೂ ಇತ್ತು. ಕರ್ನಾಟಕದವರಿಗೆ ಈ ಕಾಯಿಲೆಯ ಹೆಸರು ಪರಿಚಯವಾಗಲು ಅಷ್ಟು ದೂರ ಹೋಗಬೇಕಾಗಿರಲಿಲ್ಲ. ಸಭೆಗಳಲ್ಲಿ ಸಿದ್ದರಾಮಯ್ಯನವರ ಕಣ್ಣು ಮುಚ್ಚಿದ ದೃಶ್ಯಗಳನ್ನು ಟೀವಿಯವರು ವರ್ಷಗಟ್ಟಲೆ ತಿರುಗಿಸಿ ತೋರಿಸಿದ್ದರು. ಮೊದಲ ಸಲ ಮುಖ್ಯಮಂತ್ರಿಯಾಗಿದ್ದಾಗಲೇ ಅವರು ತಮಗೆ ಸ್ಲೀಪ್ ಆಪ್ನಿಯಾ ಇದೆಯೆಂದು ಬಹಿರಂಗವಾಗಿ ಹೇಳಿಕೊಂಡರು. ನಗುವವರು ನಗುತ್ತಲೇ ಇದ್ದರು ಎನ್ನಿ. ಆದರೆ ಅಧಿಕಾರದಲ್ಲಿದ್ದವರೊಬ್ಬರು ತೂಕಡಿಕೆಗೆ ವೈದ್ಯಕೀಯ ಹೆಸರು ಕೊಟ್ಟಿದ್ದರಿಂದ ಎಷ್ಟೋ ಮನೆಗಳಲ್ಲಿ “ಅವ್ರಿಗಿರೋದೇ ನಿಮಗೂ ಇರಬೇಕು ನೋಡ್ರಿ” ಎಂದು ಹೇಳಲು ಒಂದು ನೆಪ ಸಿಕ್ಕಿತು.

ಮಿಷನ್ ಮತ್ತು ಆಪರೇಷನ್ ಎರಡೂ ಒಂದೇ ವರ್ಷ ಬೆಳಕಿಗೆ ಬಂದವು ಎಂಬುದು ಈ ಚರಿತ್ರೆಯ ಒಂದು ವಿನೋದ. 1981ಕ್ಕೆ ಮೊದಲು ತೀವ್ರ ಆಪ್ನಿಯಾಕ್ಕೆ ಇದ್ದ ಖಚಿತ ಮದ್ದು ಒಂದೇ: ಕತ್ತಿನ ಮುಂಭಾಗದಲ್ಲಿ ಶ್ವಾಸನಾಳಕ್ಕೆ ತೂತು ಕೊರೆದು ಕೊಳವೆ ಕೂರಿಸುವುದು. ಉಸಿರು ಸಲೀಸಾಗುತ್ತಿತ್ತು, ಬದುಕು ಕಷ್ಟವಾಗುತ್ತಿತ್ತು. ಆ ವರ್ಷ ಸಿಡ್ನಿಯ ಕಾಲಿನ್ ಸಲಿವನ್, ವ್ಯಾಕ್ಯೂಮ್ ಕ್ಲೀನರಿನ ಮೋಟರಿನಿಂದ ಗಾಳಿ ಊದಿಸಿ, ಮೂಗಿನ ಮೂಲಕ ಒತ್ತಡ ಕೊಟ್ಟು ಗಂಟಲನ್ನು ತೆರೆದಿಡಬಹುದೆಂದು ಐವರು ರೋಗಿಗಳಲ್ಲಿ ತೋರಿಸಿದರು. ಇಂದಿನ ಮಿಷನ್, ಅಂದರೆ ಸಿಪ್ಯಾಪ್, ಅದರ ಮರಿಮಗ. ಅದೇ ವರ್ಷ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಫುಜಿತಾ ಎಂಬ ಶಸ್ತ್ರವೈದ್ಯರು ಟಾನ್ಸಿಲ್ ತೆಗೆದು, ಕಿರುನಾಲಗೆ ಮತ್ತು ಮೆದು ಅಂಗುಳದ ಅಂಚನ್ನು ಕತ್ತರಿಸಿ ಹೊಲಿಯುವ ಆಪರೇಷನ್ನನ್ನು ಪ್ರಕಟಿಸಿದರು. ಅದರ ಉದ್ದ ಹೆಸರನ್ನು ಡಾಕ್ಟರುಗಳೇ ಪೂರ್ತಿ ಹೇಳುವುದಿಲ್ಲ. ಯುಪಿಪಿಪಿ ಎಂದು ಮುಗಿಸುತ್ತಾರೆ.

ಇವತ್ತಿಗೂ ಮಧ್ಯಮ ಮತ್ತು ತೀವ್ರ ಕಾಯಿಲೆಗೆ ಮೊದಲ ಚಿಕಿತ್ಸೆ ಸಿಪ್ಯಾಪ್. ಸರಿಯಾದ ಒತ್ತಡ ಹೊಂದಿಸಿ, ಸರಿಯಾದ ಅಳತೆಯ ಮಾಸ್ಕ್ ಕಟ್ಟಿಕೊಂಡರೆ ಮೊದಲ ರಾತ್ರಿಯೇ 42 ಇದ್ದದ್ದು 3ಕ್ಕೋ 4ಕ್ಕೋ ಇಳಿಯಬಹುದು. ಇಷ್ಟು ದೊಡ್ಡ ಇಳಿತವನ್ನು ಅಂಗುಳದ ಯಾವ ಆಪರೇಷನ್ನೂ ಎಲ್ಲರಿಗೂ ಕೊಡಲಾರದು. ತೊಂದರೆ ಎಂದರೆ, ಮಿಷನ್ ಕೆಲಸ ಮಾಡುವುದು ಮುಖದ ಮೇಲಿದ್ದಾಗ ಮಾತ್ರ. ರಾತ್ರಿಗೆ ನಾಲ್ಕು ಗಂಟೆಯೂ ಹಾಕಿಕೊಳ್ಳದವರು, ತೀರಾ ಉದಾರವಾಗಿ ಲೆಕ್ಕ ಹಾಕಿದರೂ, ನಾಲ್ವರಲ್ಲಿ ಒಬ್ಬರಿದ್ದಾರೆ. ಕೆಲವು ಅಧ್ಯಯನಗಳಲ್ಲಿ ಅರ್ಧಕ್ಕಿಂತ ಹೆಚ್ಚು.

ಹಳ್ಳಿಯಲ್ಲಿ ಇದಕ್ಕೆ ಇನ್ನಷ್ಟು ಕಾರಣಗಳು ಸೇರುತ್ತವೆ. ರಾತ್ರಿ ಬೆಸ್ಕಾಂ ಕರೆಂಟು ಹೋದರೆ ಮಿಷನ್ ನಿಲ್ಲುತ್ತದೆ. ನಾಲೆಯ ನೀರಿನ ಸರದಿ ನಡುರಾತ್ರಿ ಬಂದರೆ ಮಾಸ್ಕ್ ಕಿತ್ತಿಟ್ಟು ಗದ್ದೆಗೆ ಹೋಗಬೇಕು, ಬಂದ ಮೇಲೆ ಮತ್ತೆ ಕಟ್ಟಿಕೊಳ್ಳುವ ತಾಳ್ಮೆ ಯಾರಿಗಿದೆ? ಒಕ್ಕಣೆಯ ದಿನಗಳಲ್ಲಿ ಭತ್ತದ ಧೂಳು ಫಿಲ್ಟರನ್ನು ವಾರದೊಳಗೆ ಕಪ್ಪು ಮಾಡಿಬಿಡುತ್ತದೆ. ಒಂದೇ ಕೋಣೆಯಲ್ಲಿ ಮೊಮ್ಮಕ್ಕಳೂ ಮಲಗುವ ಮನೆಯಲ್ಲಿ ಮುಖಕ್ಕೆ ಕೊಳವೆ ಕಟ್ಟಿಕೊಳ್ಳಲು ನಾಚಿಕೆ. ಇವುಗಳಲ್ಲಿ ಬಹುಪಾಲಿಗೆ ಪರಿಹಾರವಿದೆ. ಗಾಳಿಯನ್ನು ಬೆಚ್ಚಗೆ, ತೇವವಾಗಿಡುವ ಹ್ಯುಮಿಡಿಫೈಯರ್ ಬಂದ್ ಮಾಡಿದರೆ ಮಿಷನ್ನಿಗೆ ಬೇಕಾಗುವ ವಿದ್ಯುತ್ತು ಕಡಿಮೆ. ಮನೆಯ ಯುಪಿಎಸ್ ಸಾಕಾಗುತ್ತದೆ. ಬಾಯಿ ಒಣಗುತ್ತಿದ್ದರೆ ಮಾಸ್ಕಿನ ಮಾದರಿ ಬದಲಿಸಬಹುದು. ಮೂಗು ಕಟ್ಟುತ್ತಿದ್ದರೆ ಮೂಗಿಗೇ ಚಿಕಿತ್ಸೆ ಮಾಡಿಸಬಹುದು. ಆದರೆ ಮಿಷನ್ ಮಾರಿದವರು ಮರುದಿನ ಫೋನ್ ಎತ್ತುವುದಿಲ್ಲ ಎಂಬ ದೂರು ನಮ್ಮ ಕಡೆ ಅಪರೂಪವಲ್ಲ. ‘ಮಿಷನ್ ಆಗಿಬರಲಿಲ್ಲ’ ಎನ್ನುವವರಲ್ಲಿ ಹಲವರಿಗೆ ಆಗಿಬರದಿರುವುದು ಮಿಷನ್ನಲ್ಲ, ಅಳತೆ ತಪ್ಪಿದ ಮಾಸ್ಕು. ಆಪರೇಷನ್ನಿನ ಮಾತೆತ್ತುವ ಮೊದಲು ಒಂದೆರಡು ತಿಂಗಳು ಇದನ್ನು ಸರಿಪಡಿಸಿಕೊಳ್ಳಲು ಪ್ರಾಮಾಣಿಕವಾಗಿ ಹೆಣಗುವುದು ಮೇಲು. ಅಮೆರಿಕದ ನಿದ್ರಾವೈದ್ಯರ ಸಂಘ 2021ರಲ್ಲಿ ಹೊರಡಿಸಿದ ಮಾರ್ಗಸೂಚಿಯ ದಾರಿಯೂ ಇದೇ: ಮಿಷನ್ ಸಹಿಸಲಾಗದ, ಇಲ್ಲವೇ ಒಪ್ಪದ ವಯಸ್ಕರನ್ನು, ಬೊಜ್ಜು ಅತಿಯಾಗಿಲ್ಲದಿದ್ದರೆ, ಶಸ್ತ್ರವೈದ್ಯರ ಬಳಿ ಮಾತನಾಡಲು ಕಳಿಸಿ. ಮಾತನಾಡಲು ಎನ್ನುವುದನ್ನು ಗಮನಿಸಿ. ಟೇಬಲ್ ಮೇಲೆ ಮಲಗಿಸಲು ಎಂದಿಲ್ಲ.

ಆ ಮಾತುಕತೆಯಲ್ಲಿ ರೈತರು ಕೇಳಬೇಕಾದ ಮೊದಲ ಪ್ರಶ್ನೆ: “ನನ್ನ ಗಂಟಲು ಎಲ್ಲಿ ಮುಚ್ಚುತ್ತದೆ?”

ಎಚ್ಚರವಿದ್ದವರ ಬಾಯಿಗೆ ಟಾರ್ಚು ಬಿಟ್ಟು ನೋಡಿದರೂ ಕೆಲವು ವಿಷಯ ತಿಳಿಯುತ್ತದೆ. ಟಾನ್ಸಿಲ್ ಎಷ್ಟು ದೊಡ್ಡದು, ನಾಲಗೆ ಹೊರಚಾಚದೆ ಬಾಯಿ ತೆರೆದಾಗ ಅಂಗುಳ ಎಷ್ಟು ಕಾಣುತ್ತದೆ, ಮೈತೂಕ ಎಷ್ಟು: ಈ ಮೂರನ್ನಿಟ್ಟುಕೊಂಡು ಷಿಕಾಗೊದ ಫ್ರೀಡ್‌ಮನ್ 2002ರಲ್ಲಿ ರೋಗಿಗಳನ್ನು ಹಂತಗಳಾಗಿ ವಿಂಗಡಿಸಿದರು. ಟಾನ್ಸಿಲ್ ದೊಡ್ಡದಾಗಿದ್ದು, ಅಂಗುಳ ಚೆನ್ನಾಗಿ ಕಾಣುವ ಮೊದಲ ಹಂತದವರಲ್ಲಿ ಯುಪಿಪಿಪಿ ಸುಮಾರು ಶೇ 80 ಜನರಿಗೆ ಫಲ ಕೊಟ್ಟಿತ್ತು. ಟಾನ್ಸಿಲ್ ಸಣ್ಣದಾಗಿ, ನಾಲಗೆಯೇ ಬಾಯಿ ತುಂಬಿಕೊಂಡಿದ್ದ ಮೂರನೇ ಹಂತದವರಲ್ಲಿ ಫಲ ಕಂಡವರು ಶೇ 8. ಆಪರೇಷನ್ ಒಂದೇ, ಗಂಟಲು ಬೇರೆ. ಫಲದಲ್ಲಿ ಹತ್ತು ಪಟ್ಟು ಅಂತರ. “ನಮ್ಮ ಪಕ್ಕದ ಮನಿಯೋರು ಮಾಡಿಸ್ಕಂಡು ಆರಾಮಾಗ್ಯಾರ” ಎನ್ನುವ ಸಾಕ್ಷ್ಯಕ್ಕೆ ಬೆಲೆ ಎಷ್ಟೆಂದು ಇದರಿಂದಲೇ ಗೊತ್ತಾಗುತ್ತದೆ. ಪಕ್ಕದ ಮನೆಯವರ ಟಾನ್ಸಿಲ್ ಅಡಿಕೆ ಗಾತ್ರದ್ದಾಗಿತ್ತೋ ಏನೋ.

ಟಾರ್ಚಿಗೆ ಕಾಣದ್ದನ್ನು ನೋಡಲು ಇನ್ನೊಂದು ಪರೀಕ್ಷೆಯಿದೆ. ರೋಗಿಗೆ ಅರಿವಳಿಕೆ ತಜ್ಞರ ಎದುರಿನಲ್ಲಿ ಪ್ರೊಪೊಫಾಲ್‌ನಂಥ ಔಷಧಿ ಕೊಟ್ಟು ಗೊರಕೆ ಬರುವಷ್ಟು ಮಾತ್ರ ನಿದ್ದೆ ಬರಿಸುತ್ತಾರೆ. ಬಳುಕುವ ತೆಳು ಎಂಡೋಸ್ಕೋಪ್ ಅನ್ನು ಮೂಗಿನಿಂದ ಇಳಿಸುತ್ತಾರೆ. ಪರದೆಯ ಮೇಲೆ ಗಂಟಲು ಕಾಣುತ್ತದೆ: ಅಂಗುಳ ಹಿಂದಿನ ಗೋಡೆಗೆ ಪಟಪಟ ಬಡಿಯುತ್ತಿರುತ್ತದೆ, ಒಮ್ಮೆಲೇ ಸದ್ದು ನಿಲ್ಲುತ್ತದೆ, ಕಿಂಡಿ ಮುಚ್ಚಿಹೋಗುತ್ತದೆ, ಎದೆ ಎಳೆಯುತ್ತಲೇ ಇದ್ದರೂ ಗಾಳಿ ಇಲ್ಲ, ಕೆಲ ಸೆಕೆಂಡಿನ ಮೇಲೆ ಒಂದು ಜೋರಾದ ಉಸಿರಿನೊಡನೆ ಎಲ್ಲವೂ ಬಿಚ್ಚಿಕೊಳ್ಳುತ್ತದೆ. ಹೆಂಡತಿ ಕತ್ತಲಲ್ಲಿ ಕಿವಿಯಿಂದ ಕಂಡದ್ದನ್ನು ಇಲ್ಲಿ ಡಾಕ್ಟರು ಬೆಳಕಿನಲ್ಲಿ ಕಾಣುತ್ತಾರೆ. ಲಂಡನ್ನಿನ ಕ್ರಾಫ್ಟ್ ಮತ್ತು ಪ್ರಿಂಗಲ್ 1991ರಲ್ಲಿ ಶುರುಮಾಡಿದ ಈ ವಿಧಾನವನ್ನು ಡೈಸ್ ಎನ್ನುತ್ತಾರೆ. ಅಂಗುಳ, ಟಾನ್ಸಿಲ್ ಇರುವ ಪಕ್ಕದ ಗೋಡೆಗಳು, ನಾಲಗೆಯ ಬುಡ, ಕಿರುಮುಚ್ಚಳ: ಈ ನಾಲ್ಕರಲ್ಲಿ ಯಾವುದು ಎಷ್ಟು ಮುಚ್ಚುತ್ತದೆ ಎಂದು ಬರೆದಿಡುತ್ತಾರೆ. ನಾಲಗೆಯ ಬುಡ ಅಡ್ಡವಾಗಿರುವವರ ಅಂಗುಳವನ್ನು ಕತ್ತರಿಸಿದರೆ ನೋವಷ್ಟೇ ಲಾಭ. ಹಲವರಲ್ಲಿ ಒಂದಕ್ಕಿಂತ ಹೆಚ್ಚು ಕಡೆ ಮುಚ್ಚುತ್ತದೆ, ಆಗ ಒಂದೇ ಜಾಗದ ಆಪರೇಷನ್ ಸಾಲುವುದಿಲ್ಲ.

ಹೀಗೆ ನೋಡದೆ ಸಿಕ್ಕಸಿಕ್ಕವರಿಗೆಲ್ಲ ಯುಪಿಪಿಪಿ ಮಾಡಿದ ಕಾಲವೊಂದಿತ್ತು. 1996ರಲ್ಲಿ ಅದುವರೆಗಿನ ಫಲಿತಾಂಶಗಳನ್ನೆಲ್ಲ ಕೂಡಿಸಿ ನೋಡಿದಾಗ ಯಶಸ್ಸು ಶೇ 41ರ ಆಸುಪಾಸು. ಆಪರೇಷನ್ನಿಗೆ ಕೆಟ್ಟ ಹೆಸರು ಬಂದದ್ದು ಆಗಲೇ. ಈಗ ಅಂಗುಳವನ್ನು ಕತ್ತರಿಸಿ ಬಿಸಾಡುವುದಕ್ಕಿಂತ ಅಲ್ಲಿನ ಸ್ನಾಯುವನ್ನೇ ಬಿಡಿಸಿ, ಹೊರಕ್ಕೆ ಎಳೆದು, ಬೇರೆ ದಿಕ್ಕಿನಲ್ಲಿ ಹೊಲಿದು ಗಂಟಲನ್ನು ಅಗಲ ಮಾಡುವ ವಿಧಾನಗಳು ಬಂದಿವೆ. ನೀರು ಕುಡಿದರೆ ಮೂಗಿನಲ್ಲಿ ಬರುವುದು, ಗಂಟಲಲ್ಲಿ ಏನೋ ಸಿಕ್ಕಿಕೊಂಡಂತಾಗುವುದು, ರುಚಿ ಕೆಡುವುದು, ಸ್ವರ ಬದಲಾಗುವುದು: ಹಳೆಯ ಆಪರೇಷನ್ನಿನ ಈ ಉಪದ್ರವಗಳು ಹೊಸದರಲ್ಲಿ ಕಡಿಮೆ, ಆದರೆ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಭಜನೆ ಮಂಡಳಿಯಲ್ಲಿ ಹಾಡುವವರು ಇದನ್ನು ಮೊದಲೇ ಬಾಯಿಬಿಟ್ಟು ಕೇಳಬೇಕು.

ಇನ್ನು ಯಶಸ್ಸು ಎಂಬ ಮಾತು. ಶಸ್ತ್ರಚಿಕಿತ್ಸೆಯ ಪುಸ್ತಕಗಳಲ್ಲಿ ಯಶಸ್ಸು ಎಂದರೆ ಎಎಚ್‌ಐ ಮೊದಲಿದ್ದದ್ದರ ಅರ್ಧಕ್ಕಿಳಿದು, ಜೊತೆಗೆ 20ರ ಕೆಳಗೆ ಬರುವುದು. 38 ಇದ್ದವರು 18ಕ್ಕೆ ಬಂದರೆ ಯಶಸ್ಸು. ಆದರೆ ಅದೇ 18 ಅನ್ನು ಹೊಸ ರೋಗಿಯ ರಿಪೋರ್ಟಿನಲ್ಲಿ ಕಂಡರೆ ಅದೇ ಡಾಕ್ಟರು “ನಿಮಗೆ ಮಧ್ಯಮ ಪ್ರಮಾಣದ ಕಾಯಿಲೆಯಿದೆ, ಚಿಕಿತ್ಸೆ ಬೇಕು” ಅನ್ನುತ್ತಾರೆ! ಹಾಗಾಗಿ “ಎಷ್ಟು ಪರ್ಸೆಂಟ್ ಸಕ್ಸಸ್ ಸಾರ್?” ಎನ್ನುವ ನಮ್ಮ ಮಾಮೂಲಿ ಪ್ರಶ್ನೆಯಿಂದ ಹೆಚ್ಚೇನೂ ತಿಳಿಯುವುದಿಲ್ಲ. “ನನ್ನಂಥ ಗಂಟಲಿನವರಿಗೆ ಆಪರೇಷನ್ ಆದ ಮೇಲೆ ಎಎಚ್‌ಐ ಎಷ್ಟಕ್ಕೆ ಬಂದಿದೆ? ನೀವು ಮಾಡಿದವರಿಗೆ ಮರುಪರೀಕ್ಷೆ ಮಾಡಿಸಿದ್ದೀರಾ?” ಎಂದು ಕೇಳಿದರೆ ಉಪಯೋಗವುಂಟು. ಎರಡನೆಯದಕ್ಕೆ ಬರುವ ಉತ್ತರದಿಂದ ಡಾಕ್ಟರನ್ನೂ ಅಳೆಯಬಹುದು.

ಇಷ್ಟೆಲ್ಲ ಕೇಳಿದ ಮೇಲೆ ಆಪರೇಷನ್ ಬೇಡವೇ ಬೇಡ ಅನಿಸಬಹುದು. ತುಸು ತಾಳಿ, ಶಸ್ತ್ರವೈದ್ಯರ ಕಡೆಯ ಲೆಕ್ಕವನ್ನೂ ಕೇಳಿ. ಆಸ್ಟ್ರೇಲಿಯಾದಲ್ಲಿ ಮಿಷನ್ ಒಗ್ಗದ 102 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಅಂಗುಳ ಮತ್ತು ನಾಲಗೆ ಎರಡಕ್ಕೂ ಆಪರೇಷನ್ ಮಾಡಿದರು. ಇನ್ನೊಂದಕ್ಕೆ ಮಾಮೂಲಿ ಚಿಕಿತ್ಸೆ. 2020ರಲ್ಲಿ ಪ್ರಕಟವಾದ ಫಲಿತಾಂಶದಂತೆ ಆರು ತಿಂಗಳಲ್ಲಿ ಆಪರೇಷನ್ ಆದವರ ಸರಾಸರಿ ಎಎಚ್‌ಐ ಸುಮಾರು 48ರಿಂದ 21ಕ್ಕೆ ಇಳಿದಿತ್ತು, ಉಳಿದವರದ್ದು 45ರಿಂದ 35ಕ್ಕೆ. ಹಗಲಿನ ತೂಕಡಿಕೆಯೂ ಆಪರೇಷನ್ ಆದವರಲ್ಲಿ ಹೆಚ್ಚು ತಗ್ಗಿತ್ತು. 21 ಎಂದರೆ ಗುಣವಲ್ಲ, ಸರಿ. ಈಗ ನಮ್ಮ ಭಾನುವಳ್ಳಿಯ ರೈತರನ್ನು ತೆಗೆದುಕೊಳ್ಳಿ. ಮಿಷನ್ ಹಾಕಿದರೆ 3, ತೆಗೆದರೆ 42. ಎಂಟು ಗಂಟೆ ನಿದ್ದೆಯಲ್ಲಿ ನಾಲ್ಕು ಗಂಟೆ ಮಾತ್ರ ಹಾಕಿಕೊಂಡರೆ ಇಡೀ ರಾತ್ರಿಯ ಸರಾಸರಿ 22 ದಾಟುತ್ತದೆ. ಅರೆಮನಸ್ಸಿನ ಮಿಷನ್ನೂ ಅರೆಗುಣದ ಆಪರೇಷನ್ನೂ ಕಾಗದದ ಮೇಲೆ ಒಂದೇ ಕಡೆ ಬಂದು ನಿಂತವಲ್ಲ! ಅದೂ ಅಲ್ಲದೆ ಜನ ಮಾಸ್ಕ್ ಕಿತ್ತೆಸೆಯುವುದು ಸಾಮಾನ್ಯವಾಗಿ ಬೆಳಗಿನ ಜಾವ. ಕನಸು ಬೀಳುವ, ಸ್ನಾಯುಗಳು ಪೂರ್ತಿ ಸಡಿಲವಾಗುವ, ಆಪ್ನಿಯಾ ಅತಿ ಕೆಡುವ ನಿದ್ದೆ ಹೆಚ್ಚಾಗಿ ಬರುವುದೂ ಆಗಲೇ.

ಇದಕ್ಕೆ ತಾಳೆಯಾಗುವ ಇನ್ನೊಂದು ಸಂಗತಿ. ಹೃದ್ರೋಗ ಇಲ್ಲವೇ ಮಿದುಳಿನ ರಕ್ತನಾಳದ ಕಾಯಿಲೆಯಿದ್ದ 2,717 ಜನರನ್ನು ಹಲವು ದೇಶಗಳಲ್ಲಿ ವರ್ಷಗಟ್ಟಲೆ ಹಿಂಬಾಲಿಸಿದ ‘ಸೇವ್’ ಎಂಬ ಅಧ್ಯಯನ 2016ರಲ್ಲಿ ಹೊರಬಂತು. ಸಿಪ್ಯಾಪ್ ಕೊಟ್ಟ ಗುಂಪಿನಲ್ಲಿ ಹೃದಯಾಘಾತ, ಪಾರ್ಶ್ವವಾಯು ಕಡಿಮೆಯಾಗಿರಲಿಲ್ಲ. ಅವರು ಮಿಷನ್ ಹಾಕಿಕೊಂಡದ್ದು ರಾತ್ರಿಗೆ ಸರಾಸರಿ 3.3 ಗಂಟೆ. ತೂಕಡಿಕೆ, ಮನಸ್ಸಿನ ಸ್ಥಿತಿ ಮಾತ್ರ ಅಷ್ಟರಲ್ಲೇ ಸುಧಾರಿಸಿದ್ದವು.

ಹೀಗಾಗಿ ನನ್ನ ಮಟ್ಟಿಗೆ ಲೆಕ್ಕ ಇಷ್ಟು: ಟಾನ್ಸಿಲ್ ದೊಡ್ಡದಿದ್ದು, ಮೈ ಹದವಾಗಿದ್ದು, ಮಿಷನ್ ಜೊತೆ ಹೆಣಗಿ ಸೋತವರು ಆಪರೇಷನ್ನಿಗೆ ಹೆದರಬೇಕಿಲ್ಲ. ಮಿಷನ್ನನ್ನು ಮುಟ್ಟಿಯೂ ನೋಡದೆ, ಎಂಡೋಸ್ಕೋಪಿಯೂ ಇಲ್ಲದೆ, ಬೀಗರ ಮಾತಿಗೆ ತಲೆದೂಗಿ ಹೊರಟವರು ಬಸ್ ಹತ್ತದಿರುವುದೇ ಒಳ್ಳೆಯದು.

ಕತ್ತರಿಯೇ ಮೊದಲ ಮದ್ದಾಗಿರುವುದು ಮಕ್ಕಳಿಗೆ. ಬಾಯಿ ತೆರೆದು ಮಲಗುವ, ರಾತ್ರಿ ಬೆವರುವ, ಶಾಲೆಯಲ್ಲಿ ಮಂಕಾಗಿರುವ ಅಥವಾ ಕೂತಲ್ಲಿ ಕೂರದ ಮಗುವಿನ ಮೂಗಿನ ಹಿಂದೆ ಅಡಿನಾಯ್ಡ್, ಗಂಟಲಲ್ಲಿ ಟಾನ್ಸಿಲ್ ಬೆಳೆದಿರಬಹುದು. 5ರಿಂದ 9 ವರ್ಷದ 464 ಮಕ್ಕಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಆಪರೇಷನ್ ಆದ ಮಕ್ಕಳಲ್ಲಿ ಶೇ 79ರಷ್ಟು ಜನರ ನಿದ್ರೆ ಪರೀಕ್ಷೆ ಸಹಜಕ್ಕೆ ಬಂತು. ಸುಮ್ಮನೆ ಕಾದು ನೋಡಿದವರಲ್ಲೂ ಶೇ 46. ಅಪ್ಪನ ಗಂಟಲಿಗೆ ಹೇಳುವ ಎಚ್ಚರಿಕೆಯನ್ನೆಲ್ಲ ಮಗುವಿಗೂ ಅನ್ವಯಿಸಬೇಡಿ. ಹೆಂಗಸರದ್ದು ಇನ್ನೊಂದು ಕಥೆ. ಮುಟ್ಟು ನಿಂತ ಮೇಲೆ ಅವರಲ್ಲಿ ಈ ಕಾಯಿಲೆ ಏರುತ್ತದೆ, ಆದರೆ ಅವರು ಡಾಕ್ಟರ ಬಳಿ ಹೇಳುವುದು ಸುಸ್ತು, ತಲೆನೋವು, ನಿದ್ದೆ ಬಾರದಿರುವುದು. ಥೈರಾಯ್ಡ್ ಪರೀಕ್ಷೆ, ರಕ್ತ ಪರೀಕ್ಷೆಯಲ್ಲೇ ವರ್ಷ ಕಳೆಯುತ್ತದೆ. ಹೆಂಡತಿಯ ಗೊರಕೆ ಕೇಳಿ ಎದ್ದು ಕೂರುವ ಗಂಡಂದಿರು ಎಷ್ಟು ಮಂದಿ?

ಮಿಷನ್ನಿಗೂ ಅಂಗುಳದ ಆಪರೇಷನ್ನಿಗೂ ನಡುವೆ ಇರುವ ದಾರಿಗಳನ್ನು ನಾವು ಮರೆತೇಬಿಡುತ್ತೇವೆ. ದಾವಣಗೆರೆಯಲ್ಲಿ 1965ರಲ್ಲಿ ಶುರುವಾದ ಜೆಜೆಎಂ ಮೆಡಿಕಲ್ ಕಾಲೇಜು, ಎಸ್.ಎಸ್. ವೈದ್ಯಕೀಯ ಸಂಸ್ಥೆ ಇರುವುದು ಎಲ್ಲರಿಗೂ ಗೊತ್ತು. ಎರಡು ದಂತ ವೈದ್ಯಕೀಯ ಕಾಲೇಜುಗಳೂ ಇರುವುದು ಗೊರಕೆಯ ವಿಷಯ ಬಂದಾಗ ಯಾರಿಗೂ ಹೊಳೆಯುವುದಿಲ್ಲ. ಕೆಳದವಡೆಯನ್ನು ತುಸು ಮುಂದಕ್ಕೆ ಹಿಡಿದಿಡುವ, ರಾತ್ರಿ ಹಲ್ಲಿಗೆ ಹಾಕಿಕೊಳ್ಳುವ ಸಾಧನವನ್ನು ಮಾಡಿಕೊಡುವವರು ದಂತವೈದ್ಯರು. ಸೌಮ್ಯ ಮತ್ತು ಮಧ್ಯಮ ಕಾಯಿಲೆಗೆ, ಹಲ್ಲು ಗಟ್ಟಿಯಿದ್ದವರಿಗೆ ಅದು ಒಳ್ಳೆಯ ಆಯ್ಕೆ, ಕರೆಂಟಿನ ಹಂಗೂ ಇಲ್ಲ. ಎರಡೂ ದವಡೆಗಳನ್ನು ಕತ್ತರಿಸಿ ಮುಂದಕ್ಕೆ ಕೂರಿಸುವ ಆಪರೇಷನ್ ಕೂಡ ಬಾಯಿ ಮತ್ತು ಮುಖದ ಶಸ್ತ್ರವೈದ್ಯರದ್ದೇ. ವಯಸ್ಕರಿಗೆ ಮಾಡುವ ಆಪರೇಷನ್ನುಗಳಲ್ಲಿ, ಕತ್ತಿನ ತೂತನ್ನು ಬಿಟ್ಟರೆ, ಫಲ ಅತಿ ಹೆಚ್ಚು ಇದರದ್ದು: 2010ರ ಒಂದು ಸಮಗ್ರ ವಿಶ್ಲೇಷಣೆಯಲ್ಲಿ ಯಶಸ್ಸು ಶೇ 86, ಪೂರ್ತಿ ಗುಣ ಶೇ 43. ಅದು ದೊಡ್ಡ ಆಪರೇಷನ್, ಮುಖದ ಚಹರೆಯೂ ತುಸು ಬದಲಾಗುತ್ತದೆ. ನಾಲಗೆಯ ನರಕ್ಕೆ ಎದೆಯೊಳಗೆ ಕೂರಿಸಿದ ಸಾಧನದಿಂದ ಮಿಡಿತ ಕೊಡುವ ಪದ್ಧತಿಗೆ 2014ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಖರ್ಚಿನ ದೃಷ್ಟಿಯಿಂದ ನಾಲ್ಕೆಕರೆಯ ರೈತರ ಮುಂದೆ ಅದರ ಮಾತು ಆಡುವುದು ತರವಲ್ಲ.

ತೂಕದ ಮಾತು ಹೇಳದೆ ಬಿಡುವಂತಿಲ್ಲ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ವರ್ಷಗಟ್ಟಲೆ ನಡೆದ ಅಧ್ಯಯನದಂತೆ ಮೈತೂಕ ಶೇ 10 ಇಳಿದರೆ ಎಎಚ್‌ಐ ಸುಮಾರು ಶೇ 26 ಇಳಿಯುತ್ತದೆ. ಅಷ್ಟೇ ಏರಿದರೆ ಶೇ 32 ಏರುತ್ತದೆ. ಬೊಜ್ಜಿಗೆ ಕೊಡುವ ಟಿರ್ಜೆಪಟೈಡ್ ಚುಚ್ಚುಮದ್ದನ್ನು ಬೊಜ್ಜಿನ ಜೊತೆ ಮಧ್ಯಮ ಅಥವಾ ತೀವ್ರ ಆಪ್ನಿಯಾ ಇದ್ದವರಿಗೂ ಬಳಸಲು 2024ರ ಡಿಸೆಂಬರಿನಲ್ಲಿ ಅಮೆರಿಕ ಒಪ್ಪಿತು. ಆ ಔಷಧಿ ಭಾರತದ ಮಾರುಕಟ್ಟೆಗೆ ಬಂದದ್ದು 2025ರ ಮಾರ್ಚಿನಲ್ಲಿ. ಮಲಗುವ ಮುನ್ನ ಹೊಡೆಯುವ ಕ್ವಾರ್ಟರ್ ಬಿಡುವುದಕ್ಕೆ ಮಾತ್ರ ಯಾವ ದೇಶದ ಅನುಮತಿಯೂ ಬೇಡ. ಮದ್ಯ, ನಿದ್ದೆ ಮಾತ್ರೆ ಎರಡೂ ಗಂಟಲನ್ನು ಇನ್ನಷ್ಟು ಸಡಿಲಿಸುತ್ತವೆ.

ಶಂಖ ಊದಿದರೆ ಗೊರಕೆ ಹೋಗುತ್ತದಂತೆ ಎಂಬ ವಾಟ್ಸ್‌ಆ್ಯಪ್ ಸಂದೇಶ ನಿಮಗೂ ಬಂದಿರಬಹುದು. ಅದು ಪೂರ್ತಿ ಬುರುಡೆಯಲ್ಲ. ಜೈಪುರದ ವೈದ್ಯರು ಮಧ್ಯಮ ಆಪ್ನಿಯಾ ಇದ್ದ 30 ಜನರಲ್ಲಿ ಕೆಲವರಿಗೆ ಆರು ತಿಂಗಳು, ವಾರಕ್ಕೆ ಐದು ದಿನ, ದಿನಕ್ಕೆ ಕಾಲು ಗಂಟೆ ಶಂಖ ಊದಿಸಿ, ಉಳಿದವರಿಗೆ ದೀರ್ಘ ಉಸಿರಾಟ ಮಾಡಿಸಿ 2025ರಲ್ಲಿ ಫಲಿತಾಂಶ ಪ್ರಕಟಿಸಿದರು. ಊದಿದವರ ತೂಕಡಿಕೆ ಶೇ 34 ಕಡಿಮೆಯಾಯಿತು, ಉಸಿರುಗಟ್ಟುವುದು ಗಂಟೆಗೆ ನಾಲ್ಕೈದು ಸಲ ಇಳಿಯಿತು. ಹರಿಹರೇಶ್ವರನ ಊರಿನವರಿಗೆ ಇದರಿಂದ ಖುಷಿಯಾಗಬಹುದು. ಆದರೆ 42ರಲ್ಲಿ ಐದು ಕಳೆದರೆ 37.

ದುಡ್ಡಿನ ವಿಷಯವನ್ನು ಮುಜುಗರವಿಲ್ಲದೆ ಮೊದಲೇ ಮಾತಾಡಿಬಿಡಬೇಕು. ಮಿಷನ್ನಿಗೆ ಹತ್ತಾರು ಸಾವಿರ, ಮೇಲೆ ಆಗಾಗ ಮಾಸ್ಕು, ಫಿಲ್ಟರಿನ ಖರ್ಚು. ಅಗ್ಗಕ್ಕೆ ಸಿಗುತ್ತದೆಂದು ಯಾರೋ ಬಳಸಿದ್ದನ್ನು ಕೊಳ್ಳುವಾಗ ಮಾದರಿಯ ಸಂಖ್ಯೆ ನೋಡಿ: ಒಳಗಿನ ಫೋಮ್ ಪುಡಿಯಾಗಿ ಉಸಿರಿಗೆ ಸೇರುವ ಅಪಾಯವಿದೆಯೆಂದು ಫಿಲಿಪ್ಸ್ ಕಂಪನಿ 2021ರ ಜೂನ್‌ನಲ್ಲಿ ಲಕ್ಷಾಂತರ ಮಿಷನ್ನುಗಳನ್ನು ವಾಪಸು ಕರೆದಿತ್ತು. ಆಪರೇಷನ್ನಿಗೆ ಆಯುಷ್ಮಾನ್ ಕಾರ್ಡೋ ಯಶಸ್ವಿನಿಯೋ ಖಾಸಗಿ ವಿಮೆಯೋ ಇದ್ದರೆ, ಮಾಡಿಸುವ ಆಪರೇಷನ್ನಿನ ಪೂರ್ತಿ ಹೆಸರನ್ನು ಚೀಟಿಯಲ್ಲಿ ಬರೆಸಿಕೊಂಡು, ಅದು ಪಟ್ಟಿಯಲ್ಲಿದೆಯೇ ಎಂದು ಆಸ್ಪತ್ರೆಯ ಕೌಂಟರಿನಲ್ಲಿ ದಿನ ಗೊತ್ತು ಮಾಡುವ ಮೊದಲೇ ವಿಚಾರಿಸಿ. “ಗೊರಕೆ ಆಪರೇಷನ್” ಎಂದು ಬಾಯಲ್ಲಿ ಹೇಳಿದರೆ ಯಾರೂ ಪಟ್ಟಿಯಲ್ಲಿ ಹುಡುಕಿಕೊಡುವುದಿಲ್ಲ. ಬೊಜ್ಜು ತೀರಾ ಹೆಚ್ಚಿದ್ದವರು ತೂಕ ಇಳಿಸುವ ಹೊಟ್ಟೆಯ ಆಪರೇಷನ್ನಿನ ಬಗ್ಗೆ ಕೇಳುವುದಾದರೆ ಒಂದು ಮಾತು ನೆನಪಿಡಿ: ವಿಮಾ ನಿಯಂತ್ರಕರ ನಿಯಮದಂತೆ ಬಿಎಂಐ 35 ದಾಟಿ ಜೊತೆಗೆ ತೀವ್ರ ಸ್ಲೀಪ್ ಆಪ್ನಿಯಾ ಇದ್ದರೆ ವಿಮೆಗೆ ಅರ್ಹತೆಯ ದಾರಿ ಇದೆ.

ಎಲ್ಲ ಅಳೆದು ತೂಗಿ ಆಪರೇಷನ್ ಎಂದು ನಿಶ್ಚಯವಾಯಿತು ಎನ್ನಿ. ದಿನವನ್ನು ನಾಟಿಯ ಹೊತ್ತಿಗೆ ಇಟ್ಟುಕೊಳ್ಳಬೇಡಿ, ಸುಗ್ಗಿ ಮುಗಿದ ಮೇಲಿರಲಿ. ಗಂಟಲ ನೋವು ಎರಡು ವಾರ ಬಿಡುವುದಿಲ್ಲ. ನುಂಗಿದಾಗ ಕಿವಿಯವರೆಗೂ ಚಳುಕು. ಗಂಜಿ, ಮಜ್ಜಿಗೆ, ಆರಿದ ಮೆತ್ತನೆಯ ಅನ್ನ. ಮಂಡಕ್ಕಿ, ಮಿರ್ಚಿ, ಖಡಕ್ ರೊಟ್ಟಿಯನ್ನು ಕಣ್ಣಿಗೂ ತೋರಿಸಬೇಡಿ. ಅರಿವಳಿಕೆ ಕೊಡುವವರಿಗೆ ಎಎಚ್‌ಐ ರಿಪೋರ್ಟನ್ನು ಕೈಯಲ್ಲೇ ಕೊಡಿ, ಮನೆಯಲ್ಲಿ ಮಿಷನ್ ಇದ್ದರೆ ಆಸ್ಪತ್ರೆಗೆ ಒಯ್ಯಿರಿ. ಆಪ್ನಿಯಾ ಇದ್ದವರಿಗೆ ಅರಿವಳಿಕೆಯ ಮಂಪರು ಮತ್ತು ಕೆಲವು ಬಗೆಯ ನೋವಿನ ಔಷಧಿಗಳಿಂದ ಉಸಿರು ಕಟ್ಟುವ ಅಪಾಯ ಹೆಚ್ಚು. ಮೊದಲ ರಾತ್ರಿ ಗಂಟಲೂ ಊದಿಕೊಂಡಿರುತ್ತದೆ. ಹರ್ನಿಯಾ, ಗಾಲ್‌ಬ್ಲ್ಯಾಡರ್, ಯಾವುದೇ ಆಪರೇಷನ್ನಿಗೆ ಹೋದರೂ ಈ ರಿಪೋರ್ಟು ಜೊತೆಗಿರಲಿ.

ಮನೆಗೆ ಕಳಿಸಿದ ಮೇಲೂ ಐದರಿಂದ ಹತ್ತನೇ ದಿನದ ನಡುವೆ ಗಾಯದ ಪೊರೆ ಉದುರುವಾಗ ರಕ್ತ ಒಸರಬಹುದು. ಅದು ಅಪರೂಪ, ಆದರೆ ಶುರುವಾದರೆ ಆಸ್ಪತ್ರೆಗೇ ಓಡಬೇಕು. ರಾತ್ರಿ ಎರಡು ಗಂಟೆಗೆ ಭಾನುವಳ್ಳಿಯಿಂದ ಹರಿಹರಕ್ಕೆ, ಅಲ್ಲಿಂದ ಪಿ.ಬಿ. ರಸ್ತೆ ಹಿಡಿದು ಹದಿನಾಲ್ಕು ಕಿಲೋಮೀಟರ್ ದಾವಣಗೆರೆಗೆ ಬಾಯಲ್ಲಿ ರಕ್ತ ತುಂಬಿಕೊಂಡು ಬರುವುದಕ್ಕಿಂತ, ಆ ಹತ್ತು ದಿನ ಪೇಟೆಯ ನೆಂಟರ ಮನೆಯಲ್ಲೇ ಉಳಿಯುವುದು ಜಾಣತನ. ಸಲಹೆ ಕೊಟ್ಟ ಬೀಗರದ್ದೇ ಮನೆಯಾದರೆ ಇನ್ನೂ ಚೆನ್ನ.

ಕೊನೆಯ ಕೆಲಸವನ್ನು ಬಹುತೇಕರು ಮಾಡುವುದೇ ಇಲ್ಲ. ಅಂಗುಳ ಬಿಗಿಯಾದ ಮೇಲೆ ಸದ್ದು ಅಡಗುತ್ತದೆ, ಮನೆಯವರೆಲ್ಲ ಖುಷಿಯಾಗುತ್ತಾರೆ. ಆದರೆ ಗೊರಕೆ ಹೋಗಿ ಆಪ್ನಿಯಾ ಉಳಿದುಕೊಳ್ಳುವುದುಂಟು. ಮೊದಲಾದರೆ ಉಸಿರು ನಿಂತಿದ್ದು ಪಕ್ಕದವರಿಗೆ ಗೊತ್ತಾಗುತ್ತಿತ್ತು, ಈಗ ಆ ಸುಳಿವೂ ಇಲ್ಲ. ಗಾಯ ಪೂರ್ತಿ ಮಾಗಿದ ಮೇಲೆ, ಮೂರರಿಂದ ಆರು ತಿಂಗಳೊಳಗೆ, ಮತ್ತೊಮ್ಮೆ ನಿದ್ರೆ ಪರೀಕ್ಷೆ ಮಾಡಿಸಬೇಕು. 42 ಇದ್ದದ್ದು 8 ಆಗಿದ್ದರೆ ಸರಿ. 19 ಆಗಿದ್ದರೆ ಮಿಷನ್ನೋ ಹಲ್ಲಿನ ಸಾಧನವೋ ಮತ್ತೆ ಬೇಕಾಗಬಹುದು. ಕೆಲವರಿಗೆ ಆಗ ಮೊದಲಿಗಿಂತ ಕಡಿಮೆ ಒತ್ತಡ ಸಾಕಾಗಿ ಮಾಸ್ಕ್ ಹಿಂಸೆ ಅನಿಸುವುದಿಲ್ಲ. ಆ ರಿಪೋರ್ಟು ಕೈಗೆ ಬರುವವರೆಗೆ ಮನೆಯಲ್ಲಿರುವ ಮಿಷನ್ನನ್ನು ಯಾರಿಗೂ ಮಾರಬೇಡಿ.